ಬರ್ನ್ಲಿಯಲ್ಲಿ ಮನೆ ಅಗ್ಗ, ಸೂರು ದುಬಾರಿ

ಬೆಂಗಳೂರಿನ ಗೆಳೆಯನಿಗೆ ಇಂಗ್ಲೆಂಡಿನ ಒಂದು ಮನೆಯ ಫೋಟೊ ಕಳಿಸಿದ್ದೆ. ಕಲ್ಲಿನ ಗೋಡೆ, ಸ್ಲೇಟು ಹೊದಿಸಿದ ಚಾವಣಿ, ಕೆಳಗೆರಡು ಕೋಣೆ, ಮೇಲೆರಡು ಕೋಣೆ, ಹಿಂದೆ ಬಟ್ಟೆ ಒಣಗಿಸುವಷ್ಟು ಹಿತ್ತಿಲು. ಬೆಲೆ 80 ಸಾವಿರ ಪೌಂಡ್. ಅವನು ಅಲ್ಲೇ ಲೆಕ್ಕ ಹಾಕಿದ. "ಲೇ, 90 ಚಿಲ್ರೆ ಲಕ್ಷ ಅಷ್ಟೇ. ವೈಟ್‌ಫೀಲ್ಡಿನಲ್ಲಿ ಆ ದುಡ್ಡಿಗೆ ಒಳ್ಳೆ ಫ್ಲ್ಯಾಟೂ ಸಿಗಲ್ಲ ಮಾರಾಯ. ಎರಡು ತಗೊಂಡ್ಬಿಡು."

ಅವನ ಮಾತು ತಮಾಷೆಯದ್ದೇ. ಆದರೆ ಹಾಗೇ ಯೋಚಿಸಿ ನಿಜವಾಗಿ ಎರಡಲ್ಲ, ಇಪ್ಪತ್ತು ಮನೆ ಕೊಂಡವರು ಇದ್ದಾರೆ. ಇವತ್ತಿನ ಕಥೆಯಲ್ಲಿ ಅವರದ್ದೂ ಪಾಲಿದೆ.

ಊರಿನ ಹೆಸರು ಬರ್ನ್ಲಿ. ಲ್ಯಾಂಕಾಶೈರ್ ಸೀಮೆಯಲ್ಲಿ, ಮ್ಯಾಂಚೆಸ್ಟರಿನ ಉತ್ತರಕ್ಕೆ ಗುಡ್ಡಗಳ ನಡುವೆ ಇದೆ. ಫುಟ್‌ಬಾಲ್ ನೋಡುವವರಿಗೆ ಹೆಸರು ಗೊತ್ತಿರುತ್ತದೆ. ಇಂಗ್ಲೆಂಡಿನಲ್ಲಿ ಅತಿ ಅಗ್ಗದ ಮನೆ ಎಲ್ಲಿ ಅಂತ ಪಟ್ಟಿ ಮಾಡಿದಾಗಲೆಲ್ಲ ಈ ಊರು ಮೇಲಿನ ಸಾಲಿನಲ್ಲೇ ಕೂತಿರುತ್ತದೆ. ಸರಾಸರಿ ಬೆಲೆ 1.2 ಲಕ್ಷ ಪೌಂಡಿನ ಆಸುಪಾಸು. ಸಾಲುಮನೆಗಳು ಇನ್ನೂ ಅಗ್ಗ.

ಬ್ರಿಟನ್ನಿನ ಅಂಕಿಅಂಶ ಕಚೇರಿ ಪ್ರತಿ ವರ್ಷ ಒಂದು ಲೆಕ್ಕ ಕೊಡುತ್ತದೆ. ಆ ವರ್ಷ ಒಂದು ಊರಿನಲ್ಲಿ ಮಾರಾಟವಾದ ಮನೆಗಳನ್ನೆಲ್ಲ ಬೆಲೆಯ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ತಗೊಳ್ಳೋದು, ಸಂಬಳಗಳಿಗೂ ಹಾಗೇ ಮಾಡೋದು, ಆಮೇಲೆ ಆ ಮನೆ ಎಷ್ಟು ವರ್ಷದ ಸಂಬಳಕ್ಕೆ ಸಮ ಅಂತ ನೋಡೋದು. ಇಂಗ್ಲೆಂಡಿಗೆ 1997ರಲ್ಲಿ ಉತ್ತರ 3.5 ಇತ್ತು. 2024ರಲ್ಲಿ 7.7. ಲಂಡನ್ನಿನಲ್ಲಿ 11 ದಾಟುತ್ತದೆ. ಬರ್ನ್ಲಿಯಲ್ಲಿ ನಾಲ್ಕರ ಆಚೀಚೆ. ಐದರ ಒಳಗಿದ್ದರೆ ಮನೆ ಜನರ ಕೈಗೆಟಕುತ್ತದೆ ಅನ್ನೋದು ಆ ಕಚೇರಿಯ ಅಳತೆ. ಅಂದರೆ ಕಾಗದದ ಮೇಲೆ ಬರ್ನ್ಲಿಗೆ ಮನೆಯ ಸಮಸ್ಯೆಯೇ ಇಲ್ಲ!

ಕಾಗದ ಬಿಟ್ಟು ಗೋಡೆ ಮುಟ್ಟಿ ನೋಡೋಣ. ನಾನು ಮುಟ್ಟಿದ್ದೇನೆ.

ದಾವಣಗೆರೆ ಕಡೆಯ ಅಕ್ಕ ಒಬ್ಬರು ಆ ಭಾಗದ ಆಸ್ಪತ್ರೆಯಲ್ಲಿ ನರ್ಸ್. ಬಾಡಿಗೆ ಮನೆ ನೋಡೋಕೆ ಒಂದು ನವೆಂಬರ್ ಸಂಜೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಾಡಿಗೆ ತಿಂಗಳಿಗೆ 600 ಪೌಂಡ್. ಬಾಗಿಲು ತೆಗೆದರೆ ನೇರ ಫುಟ್‌ಪಾತು, ನಡುವೆ ಒಂದು ಮೆಟ್ಟಿಲೂ ಇಲ್ಲ. ಒಳಗೆಲ್ಲ ಹೊಸ ಬಿಳಿ ಬಣ್ಣದ ವಾಸನೆ. ಏಜೆಂಟ್ ಹುಡುಗ ಅಡುಗೆಮನೆ ತೋರಿಸುತ್ತಿದ್ದ. ಅಕ್ಕ ಅಡುಗೆಮನೆ ಕಡೆ ತಿರುಗಿಯೂ ನೋಡದೆ ಸೀದಾ ಮೇಲೆ ಹೋಗಿ, ಮಲಗೋ ಕೋಣೆಯ ಬೀರು ಅರ್ಧ ಅಡಿ ಸರಿಸಿ, ಅದರ ಹಿಂದಿನ ಗೋಡೆಗೆ ಅಂಗೈ ಒತ್ತಿದರು.

"ಬಾ ಇಲ್ಲಿ ತಮ್ಮಾ, ಕೈ ಇಟ್ಟು ನೋಡು."

"ಒದ್ದೆ ಇದೆಯಲ್ಲ ಅಕ್ಕಾ?"

"ಒದ್ದೆ ಅಲ್ಲಪ್ಪ, ಬೆವರ್ತಾ ಐತಿ ಗೋಡೆ. ಮೊನ್ನೆ ಬಣ್ಣ ಬಳಿದಾರೆ. ಫೆಬ್ರವರಿಗೆ ನೋಡು ಬೇಕಾದ್ರೆ, ಕರ್ರಗೆ ಬೂಷ್ಟು ಹಿಡಿದಿರ್ತದೆ."

ಅವರ ಹಿಂದಿನ ಮನೆ ಕಲಿಸಿದ ಪಾಠ ಅದು. ಕಿಟಕಿ ತೆಗೆದಿಡಿ, ಒಳಗೆ ಬಟ್ಟೆ ಒಣಗಿಸಬೇಡಿ ಅಂತ ಏಜೆಂಟ್ ಸಲಹೆ ಕೊಟ್ಟ. ಹೊರಗೆ ಸಂಜೆ ನಾಲ್ಕೂವರೆಗೇ ಕತ್ತಲೆ, ಜಿಟಿಜಿಟಿ ಮಳೆ. ಬಟ್ಟೆ ಎಲ್ಲಿ ಒಣಗಿಸಬೇಕು ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ತಪ್ಪು ಆ ಹುಡುಗನದಲ್ಲ, ಗೋಡೆ ಕಟ್ಟಿರೋ ರೀತಿಯೇ ಹಾಗಿದೆ. ನೂರಿಪ್ಪತ್ತು ವರ್ಷದ ಹಿಂದಿನ ಗಟ್ಟಿ ಕಲ್ಲಿನ ಗೋಡೆ ಅದು. ಈಚಿನ ಮನೆಗಳ ಗೋಡೆಗೆ ಎರಡು ಪದರ ಇರುತ್ತದೆ, ನಡುವಿನ ಟೊಳ್ಳಿನಲ್ಲಿ ಶಾಖ ತಡೆಯುವ ವಸ್ತು ತುಂಬಬಹುದು. ಇದಕ್ಕೆ ಆ ಟೊಳ್ಳೇ ಇಲ್ಲ. ಹೊರಗಿನ ಚಳಿ ಸೀದಾ ಒಳಮೈಗೆ ಬರುತ್ತದೆ. ಅಡುಗೆಯ, ಸ್ನಾನದ, ಉಸಿರಿನ ಆವಿ ಆ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ. ಮೇಲೊಂದು ಸ್ಲೇಟು ಜಾರಿದ್ದರೆ ಮಳೆನೀರೂ ಸೇರಿಕೊಳ್ಳುತ್ತದೆ. ಒಳಗಿಂದ ಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕಿ, ಚಾವಣಿ ಸರಿ ಮಾಡಿ, ಗಾಳಿ ಆಡುವ ವ್ಯವಸ್ಥೆ ಮಾಡಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಹಾಗಾದ್ರೆ ಯಾಕೆ ಮಾಡಲ್ಲ?

ನನ್ನ ಪ್ರಕಾರ ಇಡೀ ಬರ್ನ್ಲಿಯ ಕಥೆ ಈ ಒಂದು ಪ್ರಶ್ನೆಯಲ್ಲಿದೆ. ಚಾವಣಿ ಹೊಸದಾಗಿ ಹೊದಿಸೋಕೆ ಎಂಟೋ ಹತ್ತೋ ಸಾವಿರ ಪೌಂಡ್ ಆಗುತ್ತದೆ ಅಂದುಕೊಳ್ಳಿ. ಲಂಡನ್ ಪಕ್ಕದ ಸರ‍್ರೇಯಲ್ಲೂ ಸ್ಲೇಟಿನ ಬೆಲೆ ಹೆಚ್ಚುಕಡಿಮೆ ಅಷ್ಟೇ, ಕೂಲಿ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಅಲ್ಲಿ ಮನೆ 6 ಲಕ್ಷದ್ದು. ಹತ್ತು ಸಾವಿರ ಅಂದರೆ ನೂರಕ್ಕೆ ಎರಡೂ ಇಲ್ಲ. ಬರ್ನ್ಲಿಯಲ್ಲಿ ಮನೆಯೇ 80 ಸಾವಿರದ್ದು. ಹತ್ತು ಸಾವಿರ ಅಂದರೆ ಎಂಟರಲ್ಲಿ ಒಂದು ಪಾಲು. ಅಷ್ಟು ಸುರಿದ ಮೇಲೆ ಮನೆ 90 ಸಾವಿರಕ್ಕೆ ಹೋಗುತ್ತಾ? ಹೋಗಲ್ಲ. ಪಕ್ಕದ ಮನೆ 80ಕ್ಕೇ ಹೋಗುತ್ತಿರುವಾಗ ನಿಮ್ಮದಕ್ಕೆ ಯಾರು ಜಾಸ್ತಿ ಕೊಡ್ತಾರೆ? ಹಾಕಿದ ದುಡ್ಡು ವಾಪಸ್ ಬರಲ್ಲ ಅಂತ ಗೊತ್ತಿರೋ ಮಾಲೀಕ ಬಣ್ಣ ಬಳಿದು ಸುಮ್ನಾಗುತ್ತಾನೆ. ಅವನು ಕೆಟ್ಟವನೇ ಆಗಬೇಕಿಲ್ಲ, ಕೂಡಿಸಿ ಕಳೆಯೋಕೆ ಬಂದರೆ ಸಾಕು.

ಇಂಗ್ಲೆಂಡಿನ ದಕ್ಷಿಣದಲ್ಲಿ ಮನೆ ಜನರ ಕೈ ಮೀರಿ ಏರಿದೆ. ಇಲ್ಲಿ ಮನೆಯ ಬೆಲೆ ಅದರದ್ದೇ ರಿಪೇರಿಗೆ ಸಾಲದಷ್ಟು ಇಳಿದಿದೆ. ಪತ್ರಿಕೆಗಳು ಮೊದಲನೆಯದನ್ನು ಬಿಕ್ಕಟ್ಟು ಅನ್ನುತ್ತವೆ, ಎರಡನೆಯದನ್ನು ಅವಕಾಶ ಅನ್ನುತ್ತವೆ.

ಇಷ್ಟೊಂದು ಮನೆ ಇಲ್ಲಿ ಹೇಗೆ ಬಂತು? ಹತ್ತಿಯಿಂದ. 20ನೇ ಶತಮಾನದ ಆರಂಭದಲ್ಲಿ ಬರ್ನ್ಲಿಯಲ್ಲಿ ಸುಮಾರು 1 ಲಕ್ಷ ಯಂತ್ರಮಗ್ಗ ಇದ್ದವು. ಜನ ಎಷ್ಟೋ ಮಗ್ಗ ಅಷ್ಟು! 1911ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 1 ಲಕ್ಷ 6 ಸಾವಿರ. ಮಿಲ್ಲಿನ ಸೈರನ್ನು ಕೇಳುವ ದೂರದಲ್ಲೇ ಮನೆ ಬೇಕಿತ್ತು, ಹಾಗಾಗಿ ಕಾಲುವೆ, ಮಿಲ್ಲು, ಸಾಲುಮನೆ, ಮತ್ತೆ ಮಿಲ್ಲು, ಹೀಗೆ ಊರು ಬೆಳೆಯಿತು. ಇವತ್ತಿಗೂ ಇಲ್ಲಿಯ ಅರ್ಧದಷ್ಟು ಮನೆಗಳು ಈ ಸಾಲುಮನೆಗಳೇ.

ನಮ್ಮ ನೆಲದ ಹತ್ತಿಗೂ ಈ ಸೀಮೆಗೂ ಹಳೆಯ ನಂಟಿದೆ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದಾಗ ಲ್ಯಾಂಕಾಶೈರಿನವರು ಧಾರವಾಡದ ಹತ್ತಿಗೆ ಕೈಚಾಚಿದ್ದರು. ಘಟ್ಟ ಇಳಿದು ಕುಮಟಾ ಬಂದರಿಂದ ಹೋಗುತ್ತಿದ್ದ ಹತ್ತಿಗೆ ವ್ಯಾಪಾರಿಗಳ ಬಾಯಲ್ಲಿ ಕುಮಟಾ ಅಂತಲೇ ಹೆಸರು ನಿಂತಿತ್ತು. ಹತ್ತಿ ಅತ್ತ ಹೋಗೋದು, ಬಟ್ಟೆ ಇತ್ತ ಬರೋದು. ಮೊದಲನೇ ಮಹಾಯುದ್ಧದ ಮೇಲೆ ಭಾರತದ ಮಿಲ್ಲುಗಳೇ ಬೆಳೆದವು, ಜಪಾನ್ ನುಗ್ಗಿತು, ವಿದೇಶಿ ಬಟ್ಟೆಯ ಬಹಿಷ್ಕಾರ ಬಂತು, ಲ್ಯಾಂಕಾಶೈರಿನ ಬಟ್ಟೆಗೆ ಗಿರಾಕಿ ಕಡಿಮೆಯಾದ. ದಾವಣಗೆರೆಯ ಅಕ್ಕನಿಗೆ ಈ ಭಾಗ ವಿವರಿಸೋ ಅಗತ್ಯವೇ ಬೀಳಲಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನವರು, ಮಿಲ್ಲು ಮುಚ್ಚಿದರೆ ಬೀದಿ ಹೇಗಿರುತ್ತೆ ಅಂತ ಅವರಿಗೆ ಗೊತ್ತು.

ಒಂದು ವಿಷಯ ಇಲ್ಲಿ ಬಿಡಬಾರದು. ಬರ್ನ್ಲಿಯ ನೇಕಾರರ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಮಿಲ್ಲಿಗೆ ಹೋಗುತ್ತಿದ್ದರು, ಎರಡು ಸಂಬಳ ಬರುತ್ತಿತ್ತು. ದುಡಿಯುವ ಜನ ಸ್ವಂತ ಮನೆ ಮಾಡಿಕೊಳ್ಳೋದು ಇಲ್ಲಿ ಅಪರೂಪವಾಗಿರಲಿಲ್ಲ. ಅದಕ್ಕೆ ಊರಿನದ್ದೇ ಸಂಸ್ಥೆ ಇತ್ತು, 1850ರಲ್ಲಿ ಶುರುವಾದ ಬರ್ನ್ಲಿ ಬಿಲ್ಡಿಂಗ್ ಸೊಸೈಟಿ. ನಮ್ಮ ಪತ್ತಿನ ಸಹಕಾರ ಸಂಘದ ಥರ: ಸದಸ್ಯರ ಉಳಿತಾಯ, ಸದಸ್ಯರಿಗೇ ಮನೆ ಸಾಲ. ಅದು 1982ರಲ್ಲಿ ಪ್ರಾವಿನ್ಷಿಯಲ್ ಸೊಸೈಟಿ ಜೊತೆ ಸೇರಿಕೊಂಡಿತು. ಸೇರಿ ಆದ ಸಂಸ್ಥೆಯನ್ನು 1996ರಲ್ಲಿ ಅಬ್ಬಿ ನ್ಯಾಷನಲ್ ನುಂಗಿತು, ಅಬ್ಬಿಯನ್ನು 2004ರಲ್ಲಿ ಸ್ಪೇನಿನ ಸ್ಯಾಂಟ್ಯಾಂಡರ್ ನುಂಗಿತು. ಬೀದಿ ಬೀದಿಯ ಮನೆ ಬಲ್ಲವರು ಸಾಲ ಕೊಡುತ್ತಿದ್ದ ಕಾಲ ಹೋಗಿ, ಪಿನ್‌ಕೋಡ್ ನೋಡಿ ಕಂಪ್ಯೂಟರ್ ಹೂಂ ಅಥವಾ ಉಹೂಂ ಅನ್ನುವ ಕಾಲ ಬಂತು.

ಮಿಲ್ಲುಗಳು ಒಂದೇ ದಿನ ಸಾಯಲಿಲ್ಲ. ಉಗಿಯಂತ್ರದಲ್ಲಿ ಮಗ್ಗ ಓಡಿಸುತ್ತಿದ್ದ ಕ್ವೀನ್ ಸ್ಟ್ರೀಟ್ ಮಿಲ್ 1982ರವರೆಗೆ ಬಂತು, ಈಗ ಅದು ಮ್ಯೂಸಿಯಂ. ಕೊನೆಯ ದಶಕಗಳಲ್ಲಿ ರಾತ್ರಿ ಪಾಳಿಗೆ ಜನ ಸಾಲದೆ ಪಾಕಿಸ್ತಾನ, ಬಾಂಗ್ಲಾದಿಂದ ಬಂದವರು ದುಡಿದರು. ಡೇನ್ಸ್‌ಹೌಸ್, ಸ್ಟೋನಿಹೋಮ್ ಬೀದಿಗಳಲ್ಲಿ ಮನೆ ಕೊಂಡರು. ಅವರು ನೆಲೆ ಊರುವ ಹೊತ್ತಿಗೆ ಕೆಲಸವೇ ಮುಗಿದಿತ್ತು. ಕಲ್ಲಿದ್ದಲ ಗಣಿ ಮುಚ್ಚಿತು, 2002ರಲ್ಲಿ ಮಿಶೆಲಿನ್ ಟೈರ್ ಫ್ಯಾಕ್ಟರಿಯೂ ಹೋಯಿತು. ಈಗ ವಿಮಾನದ ಭಾಗ ಮಾಡುವ ಸಫ್ರಾನ್ ಇದೆ, ಕಿಟಕಿ ಚೌಕಟ್ಟು ಮಾಡುವ ವೇಕಾ ಇದೆ, ಯೂನಿವರ್ಸಿಟಿಯ ಶಾಖೆ ಇದೆ. ಒಳ್ಳೆಯ ಕೆಲಸಗಳೇ, ಆದರೆ 1 ಲಕ್ಷ ಮಗ್ಗದ ಜಾಗ ತುಂಬೋದಿಲ್ಲ. 2021ರಲ್ಲಿ ಸುತ್ತಲಿನ ಪಡಿಹ್ಯಾಮ್ ಮತ್ತು ಹಳ್ಳಿಗಳನ್ನು ಸೇರಿಸಿಯೂ ಜನಸಂಖ್ಯೆ 95 ಸಾವಿರ ಮುಟ್ಟಲಿಲ್ಲ.

ಜನ ಕಡಿಮೆಯಾದರು, ಮನೆ ಹಾಗೇ ಉಳಿದವು. ಸಾವಿರದ ಒಂಬೈನೂರ ತೊಂಬತ್ತರ ದಶಕದ ಕೊನೆಗೆ ಕೆಲವು ಬೀದಿಗಳಲ್ಲಿ ಮನೆ ಬರೀ ಕೆಲವೇ ಸಾವಿರ ಪೌಂಡಿಗೆ ಕೈ ಬದಲಾಗುತ್ತಿತ್ತು. ಒಂದು ಮನೆ ಖಾಲಿಯಾದರೆ ಸೀಸದ ಪೈಪು, ತಾಮ್ರದ ತಂತಿ ಕದ್ದುಹೋಗುತ್ತಿತ್ತು. ಸಾಲುಮನೆಯಲ್ಲಿ ನಡುಗೋಡೆ ಒಂದೇ ಆದ್ದರಿಂದ ಖಾಲಿ ಮನೆಯ ತೇವ ಪಕ್ಕದ ಮನೆಗೂ ಬರುತ್ತಿತ್ತು. ಪಕ್ಕದವರೂ ಹೊರಡುತ್ತಿದ್ದರು.

ಆಗ ಸರ್ಕಾರ ಕೈ ಹಾಕಿತು. 2002ರಲ್ಲಿ ಪಾತ್‌ಫೈಂಡರ್ ಅನ್ನೋ ಯೋಜನೆ ಬಂತು, ಉತ್ತರ ಮತ್ತು ನಡು ಇಂಗ್ಲೆಂಡಿನ 9 ಪ್ರದೇಶಗಳಿಗೆ. ಪೂರ್ವ ಲ್ಯಾಂಕಾಶೈರ್ ಅದರಲ್ಲೊಂದು. ಮನೆ ಜಾಸ್ತಿ, ಗಿರಾಕಿ ಕಡಿಮೆ, ಹಾಗಾಗಿ ಹಳೆಯದನ್ನು ಕೆಡವಿ ಒಳ್ಳೆಯದನ್ನು ಕಟ್ಟಿದರೆ ಬೆಲೆ ಸರಿಹೋಗುತ್ತದೆ ಅನ್ನೋದು ತರ್ಕ. ಸುಮಾರು 2.2 ಬಿಲಿಯನ್ ಪೌಂಡ್ ಖರ್ಚಾಯಿತು, ಎಲ್ಲಾ ಕಡೆ ಸೇರಿ 30 ಸಾವಿರದಷ್ಟು ಮನೆ ನೆಲಸಮವಾದವು. ಲಕ್ಷ ಮನೆಗಳ ರಿಪೇರಿಯೂ ಆಯಿತು ಅನ್ನೋದನ್ನು ಟೀಕಾಕಾರರು ಮರೆಯುತ್ತಾರೆ, ಅದನ್ನೂ ಹೇಳಬೇಕು. ಆದರೆ ಕೆಡವೋದು ಬೇಗ, ಕಟ್ಟೋದು ನಿಧಾನ. 2008ರಲ್ಲಿ ಹಣಕಾಸು ಕುಸಿತ ಬಂದು ಖಾಸಗಿ ಬಿಲ್ಡರುಗಳು ಹಿಂದೆ ಸರಿದರು, 2011ರ ಮಾರ್ಚಿಗೆ ಹೊಸ ಸರ್ಕಾರ ಅನುದಾನವನ್ನೇ ನಿಲ್ಲಿಸಿತು. ಹಲವು ಊರುಗಳಲ್ಲಿ ಹಲಗೆ ಬಡಿದ ಮನೆಗಳ ಸಾಲು, ನಡುನಡುವೆ ಹುಲ್ಲು ಬೆಳೆದ ಜಾಗ ಹಾಗೇ ಉಳಿಯಿತು. ಹಲ್ಲು ಕಿತ್ತು ಹೊಸ ಹಲ್ಲು ಕಟ್ಟದೆ ಡಾಕ್ಟರು ಊರು ಬಿಟ್ಟ ಹಾಗೆ.

2007-08ರಲ್ಲಿದ್ದ ಬೆಲೆಗೆ ಬರ್ನ್ಲಿಯ ಮನೆ ವಾಪಸ್ ಬರೋಕೆ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅಷ್ಟರಲ್ಲಿ ಲಂಡನ್ ಎಲ್ಲೋ ಹೋಗಿಬಿಟ್ಟಿತ್ತು.

ಈಗ ಇಪ್ಪತ್ತು ಮನೆ ಕೊಂಡವರ ಕಡೆ ಬರೋಣ. ಸುಮ್ನೆ ಒಂದು ಲೆಕ್ಕ. ಲಂಡನ್ನಿನಲ್ಲಿ 5 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 2,000 ಬಾಡಿಗೆ ಬಂದರೆ ವರ್ಷಕ್ಕೆ 24 ಸಾವಿರ, ನೂರಕ್ಕೆ ಐದೂ ಇಲ್ಲ. ಬರ್ನ್ಲಿಯಲ್ಲಿ 80 ಸಾವಿರದ ಮನೆಗೆ 600 ಬಂದರೆ ವರ್ಷಕ್ಕೆ 7,200, ನೂರಕ್ಕೆ 9. ಬಡ್ಡಿ ದರ ಶೇ 0.1ಕ್ಕೆ ಇಳಿದಿದ್ದ 2020-21ರಲ್ಲಿ ಈ ಒಂಬತ್ತು ಯಾರ ಬಾಯಲ್ಲಾದರೂ ನೀರೂರಿಸುತ್ತಿತ್ತು. ಮನೆಯನ್ನು ಕಣ್ಣಲ್ಲೂ ನೋಡದೆ ಆನ್‌ಲೈನ್ ಹರಾಜಿನಲ್ಲಿ ಕೊಂಡವರಿದ್ದಾರೆ. ಲಂಡನ್ನಿನವರು, ದುಬೈನವರು, ನಮ್ಮವರೂ ಇರಬಹುದು. ನನ್ನ ಫೋನಿಗೂ ಅಂಥ ಜಾಹೀರಾತು ಬರುತ್ತಿರುತ್ತವೆ: ಬಾಡಿಗೆದಾರ ಈಗಾಗಲೇ ಇದ್ದಾನೆ, ಮೊದಲ ತಿಂಗಳಿಂದಲೇ ಆದಾಯ. ಬೀರುವಿನ ಹಿಂದಿನ ಗೋಡೆ ಮಾತ್ರ ಜಾಹೀರಾತಿನಲ್ಲಿ ಇರಲ್ಲ.

ಬಾಡಿಗೆ ಯಾಕೆ ಬೆಲೆಯಷ್ಟು ಇಳಿಯಲ್ಲ? ಒಂದು ಕಾರಣ ಸರ್ಕಾರದ ಬಾಡಿಗೆ ಸಹಾಯಧನ. ಆದಾಯ ಕಡಿಮೆ ಇರುವವರಿಗೆ ಸರ್ಕಾರ ಬಾಡಿಗೆಯ ಪಾಲು ಕೊಡುತ್ತದೆ, ಅದಕ್ಕೊಂದು ಮಿತಿ ಇದೆ. ಆ ಪ್ರದೇಶದ ನೂರು ಬಾಡಿಗೆಗಳನ್ನು ಕಡಿಮೆಯಿಂದ ಸಾಲು ನಿಲ್ಲಿಸಿದರೆ ಮೂವತ್ತನೆಯದು ಎಷ್ಟೋ ಅಷ್ಟು. ಆದರೆ ಪ್ರದೇಶ ಅಂದರೆ ಬೀದಿಯಲ್ಲ, ಪೂರ್ವ ಲ್ಯಾಂಕಾಶೈರಿನ ಹಲವು ಊರು ಸೇರಿದ ದೊಡ್ಡ ವಲಯ. ಹಾಗಾಗಿ ಅತಿ ಕಳಪೆ ಬೀದಿಯ ಮಾಲೀಕನಿಗೂ ಅದೇ ಅಂಕಿ ಗುರಿ ಆಗುತ್ತದೆ. ಮನೆ ಒಳ್ಳೆಯದಿರಲಿ ಬಿಡಲಿ, ಬಾಡಿಗೆ ಆ ಗೆರೆಯ ಹತ್ತಿರ ಬಂದು ನಿಲ್ಲುತ್ತದೆ. ತಮಾಷೆ ನೋಡಿ, ಅದೇ ಸಹಾಯಧನವನ್ನು 2020ರಿಂದ 2024ರವರೆಗೆ ಏರಿಸದೆ ಇಟ್ಟಿದ್ದರು, 2024ರ ಏಪ್ರಿಲಿನಲ್ಲಿ ಏರಿಸಿ ಮತ್ತೆ ಅಲ್ಲೇ ನಿಲ್ಲಿಸಿದ್ದಾರೆ. ಮಾರುಕಟ್ಟೆಯ ಬಾಡಿಗೆ ಮುಂದಕ್ಕೆ ಹೋದಷ್ಟೂ ನಡುವಿನ ಅಂತರ ಬಡವರ ಊಟದ ದುಡ್ಡಿನಿಂದ ಹೋಗುತ್ತದೆ. ಆಶ್ರಯ ಕೋರಿ ಬಂದವರಿಗೆ ಮನೆ ಹುಡುಕುವ ಸರ್ಕಾರಿ ಗುತ್ತಿಗೆದಾರರೂ ಅಗ್ಗದ ಮನೆ ಇರುವ ಇಂಥ ಊರುಗಳಿಗೇ ಬರುತ್ತಾರೆ. ಬಾಡಿಗೆ ಮನೆಗೆ ಇನ್ನೊಬ್ಬ ಗಿರಾಕಿ, ಊರಿನ ರಾಜಕೀಯಕ್ಕೆ ಇನ್ನೊಂದು ಕಿಡಿ.

"ಹಾಗಾದ್ರೆ ಬಾಡಿಗೆದಾರನೇ ಮನೆ ಕೊಂಡುಕೊಳ್ಳಬಹುದಲ್ಲ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. 2025ರ ಏಪ್ರಿಲಿನಿಂದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ವಾರಕ್ಕೆ ಮೂವತ್ತೇಳೂವರೆ ಗಂಟೆ ದುಡಿದರೆ ವರ್ಷಕ್ಕೆ 23,800. ಬ್ಯಾಂಕು ನಾಲ್ಕೂವರೆ ಪಟ್ಟು ಸಾಲ ಕೊಟ್ಟರೆ 1 ಲಕ್ಷ 7 ಸಾವಿರ. 80 ಸಾವಿರದ ಮನೆ ಆರಾಮಾಗಿ ಬರಬೇಕು. 8 ಸಾವಿರ ಕೈಯಿಂದ ಹಾಕಿ 72 ಸಾವಿರಕ್ಕೆ ಶೇ 5ರ ಬಡ್ಡಿಯಲ್ಲಿ ಇಪ್ಪತ್ತೈದು ವರ್ಷದ ಸಾಲ ತಗೊಂಡರೆ ತಿಂಗಳ ಕಂತು 420 ಚಿಲ್ಲರೆ. ಬಾಡಿಗೆ 600! ಸ್ವಂತ ಮನೆಯೇ ಅಗ್ಗ.

ಆದರೆ ಆ ಮೂವತ್ತೇಳೂವರೆ ಗಂಟೆ ಎಲ್ಲಿದೆ? ಗೋದಾಮು, ಕೇರ್ ಹೋಂ, ಏಜೆನ್ಸಿ ಕೆಲಸದಲ್ಲಿ ಈ ವಾರ ನಲವತ್ತು ಗಂಟೆ, ಮುಂದಿನ ವಾರ ಹದಿನಾರು. ಬ್ಯಾಂಕು ಅದನ್ನು ಒಪ್ಪೋದು ಕಷ್ಟ. 600 ಬಾಡಿಗೆ ಕಟ್ಟುತ್ತಾ 8 ಸಾವಿರ ಕೂಡಿಡೋದು ಇನ್ನೂ ಕಷ್ಟ. ಒಂದು ಮೊಬೈಲ್ ಬಿಲ್ಲು ತಪ್ಪಿದ್ದರೂ ಕ್ರೆಡಿಟ್ ಸ್ಕೋರು ಬೀಳುತ್ತದೆ, ಆದರೆ ಹತ್ತು ವರ್ಷ ತಪ್ಪದೆ ಬಾಡಿಗೆ ಕಟ್ಟಿದ್ದಕ್ಕೆ ಅದೇ ಬ್ಯಾಂಕಿನಲ್ಲಿ ಅಷ್ಟು ಬೆಲೆ ಇಲ್ಲ. ಮನೆ ತೀರಾ ಅಗ್ಗವಾಗಿದ್ದರೆ ಇನ್ನೊಂದು ಪೇಚು: ಇಂತಿಷ್ಟು ಬೆಲೆಗಿಂತ ಕೆಳಗಿನ ಮನೆಗೆ ಹಲವು ಬ್ಯಾಂಕು ಸಾಲವನ್ನೇ ಕೊಡಲ್ಲ. ಜೊತೆಗೆ ಬ್ಯಾಂಕಿನ ಪರವಾಗಿ ಮನೆ ಪರೀಕ್ಷಿಸುವ ಸರ್ವೇಯರ್ ಬಂದು ತೇವ ಇದೆ, ಚಾವಣಿ ಕೆಟ್ಟಿದೆ ಅಂತ ಬರೆದರೆ, ರಿಪೇರಿ ಆಗುವವರೆಗೆ ಸಾಲದ ಒಂದು ಭಾಗ ತಡೆಹಿಡಿಯುತ್ತಾರೆ. ರಿಪೇರಿ ಮಾಡಿಸಲು ದುಡ್ಡಿರುವವನು ಸಾಲ ಯಾಕೆ ಕೇಳುತ್ತಾನೆ? ಹೀಗಾಗಿ ಆ ಮನೆ ಹರಾಜಿಗೆ ಹೋಗುತ್ತದೆ, ನಗದು ಇರುವವನು ಕೊಳ್ಳುತ್ತಾನೆ, ಬಣ್ಣ ಬಳಿಯುತ್ತಾನೆ, ಮೊದಲಿನವನಿಗೇ ಬಾಡಿಗೆಗೆ ಕೊಡುತ್ತಾನೆ.

ಇದರ ಮೇಲೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಆಡಳಿತ (ಕೌನ್ಸಿಲ್) ಹಾಕುವ ಮನೆ ಕಂದಾಯದ ಥರದ ತೆರಿಗೆ. ನನಗೆ ಅತಿ ಸಿಟ್ಟು ತರಿಸುವ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಈ ತೆರಿಗೆಯ ದರ್ಜೆ ನಿಂತಿರೋದು 1991ರ ಬೆಲೆಯ ಮೇಲೆ, ಹೌದು, ಮೂವತ್ತು ಚಿಲ್ಲರೆ ವರ್ಷದ ಹಿಂದಿನದ್ದೇ. ಬರ್ನ್ಲಿಯ ಬಹುಪಾಲು ಮನೆ ಅತಿ ಕೆಳಗಿನ 'ಎ' ದರ್ಜೆ. ಆದರೂ ವರ್ಷಕ್ಕೆ 1,500 ಪೌಂಡ್ ದಾಟುತ್ತದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಕೋಟಿಗಟ್ಟಲೆ ಪೌಂಡಿನ ಬಂಗಲೆಗೆ, ಅತಿ ಮೇಲಿನ 'ಎಚ್' ದರ್ಜೆಗೆ, ಸುಮಾರು 2,000. ಗುಡಿಸಲಿಗೂ ಅರಮನೆಗೂ ನಡುವೆ ಐನೂರು ಪೌಂಡೂ ವ್ಯತ್ಯಾಸ ಇಲ್ಲ! ಕಾರಣ ಸರಳ. ಬಡ ಊರಿಗೆ ಖರ್ಚು ಜಾಸ್ತಿ, ತೆರಿಗೆ ಕಟ್ಟುವ ಮನೆಯೆಲ್ಲ ಕೆಳದರ್ಜೆ, ಕೇಂದ್ರದ ಅನುದಾನ 2010ರ ನಂತರ ಕಡಿತ. ಉಳಿದಿರೋದು ದರ ಏರಿಸೋದು. ಬಾಡಿಗೆದಾರನೇ ಕಟ್ಟಬೇಕು ಇದನ್ನು, ಮಾಲೀಕ ಅಲ್ಲ.

ಕೌನ್ಸಿಲ್ ಸುಮ್ಮನೆ ಕೂತಿಲ್ಲ. 2004ರ ವಸತಿ ಕಾಯ್ದೆಯಲ್ಲಿ ಒಂದು ಅಸ್ತ್ರ ಇದೆ: ಗುರುತಿಸಿದ ಬೀದಿಗಳಲ್ಲಿ ಮನೆ ಬಾಡಿಗೆಗೆ ಕೊಡೋಕೆ ಲೈಸೆನ್ಸ್ ಬೇಕು. ಬರ್ನ್ಲಿ ಅದನ್ನು ಮೊದಲು ಟ್ರಿನಿಟಿ ಭಾಗದಲ್ಲಿ ತಂದು, ಆಮೇಲೆ ಗ್ಯಾನೋ, ಕ್ವೀನ್ಸ್‌ಗೇಟ್, ಬರ್ನ್ಲಿ ವುಡ್ ಅಂತ ಬೆಳೆಸಿತು. ಮಾಲೀಕ ಎಲ್ಲಿದ್ದಾನೆ ಅಂತ ಪತ್ತೆಹಚ್ಚೋಕೆ, ಗ್ಯಾಸ್ ಸುರಕ್ಷತೆಯ ಕಾಗದ ಕೇಳೋಕೆ ಇದು ಉಪಯೋಗವಾಗುತ್ತದೆ. ಕಲ್ಲಿನ ಗೋಡೆ ಬೆಚ್ಚಗೆ ಮಾಡೋಕೆ ಲೈಸೆನ್ಸು ಸಾಲದು. ಕೌನ್ಸಿಲಿನ ಸ್ವಂತ ಮನೆಗಳಂತೂ 2000ದಲ್ಲೇ ಕ್ಯಾಲಿಕೊ ಅನ್ನೋ ವಸತಿ ಸಂಸ್ಥೆಗೆ ಹೋದವು. ಕ್ಯಾಲಿಕೊ ಅಂದರೆ ಒಂದು ಬಗೆಯ ಹತ್ತಿ ಬಟ್ಟೆ. ಆ ಹೆಸರು ಬಂದಿರೋದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ.

ಬೂಷ್ಟಿನ ವಿಷಯ ಬರೀ ಗೋಡೆಯ ಅಂದದ್ದಲ್ಲ. ಬರ್ನ್ಲಿಗೆ ದೂರವಲ್ಲದ ಇನ್ನೊಂದು ಮಿಲ್ಲಿನ ಊರು ರೋಚ್‌ಡೇಲಿನಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಅವಾಬ್ ಇಶಾಕ್ ಅನ್ನೋ ಮಗು ಸತ್ತಿತು. ಫ್ಲ್ಯಾಟಿನ ಬೂಷ್ಟಿಗೆ ಬಹುಕಾಲ ಒಡ್ಡಿಕೊಂಡಿದ್ದೇ ಕಾರಣ ಅಂತ 2022ರಲ್ಲಿ ಸಾವಿನ ವಿಚಾರಣಾಧಿಕಾರಿ ತೀರ್ಪು ಕೊಟ್ಟರು. ಮಗುವಿನ ಹೆಸರಲ್ಲೇ ಕಾನೂನು ಬಂತು: ತೇವ, ಬೂಷ್ಟಿನ ದೂರನ್ನು ಇಂತಿಷ್ಟು ದಿನದಲ್ಲಿ ನೋಡಿ ಸರಿಪಡಿಸಲೇಬೇಕು. 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ, ಆದರೆ ಮೊದಲ ಹಂತದಲ್ಲಿ ವಸತಿ ಸಂಸ್ಥೆ ಮತ್ತು ಕೌನ್ಸಿಲುಗಳ ಮನೆಗಳಿಗೆ ಮಾತ್ರ. ಖಾಸಗಿ ಮಾಲೀಕರಿಗೂ ಅದನ್ನು ವಿಸ್ತರಿಸುವ ಅಧಿಕಾರ ಅದೇ ದಿನ ಅಂಕಿತ ಬಿದ್ದ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಲ್ಲಿದೆ. ಕಾರಣ ಹೇಳದೆ ಎರಡು ತಿಂಗಳ ನೋಟಿಸಿಗೆ ಖಾಲಿ ಮಾಡಿಸುವ ಪದ್ಧತಿಗೆ 2026ರ ಮೇ 1ರಿಂದ ತೆರೆ ಅಂತಲೂ ಆ ಕಾಯ್ದೆಯಡಿ ಗೊತ್ತಾಗಿದೆ. ಇದು ಸಣ್ಣ ವಿಷಯ ಅಲ್ಲ. ಬೂಷ್ಟಿನ ಬಗ್ಗೆ ಬಾಯಿ ಬಿಟ್ಟರೆ ಮನೆ ಬಿಡಿಸುತ್ತಾರೆ ಅನ್ನೋ ಹೆದರಿಕೆಗೇ ಜನ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರು.

ಆದರೆ ಮತ್ತೆ ಅದೇ ಲೆಕ್ಕ. 2030ರೊಳಗೆ ಬಾಡಿಗೆ ಮನೆಗಳ ಶಾಖ ಉಳಿಸುವ ಕನಿಷ್ಠ ದರ್ಜೆ ಈಗಿನ 'ಇ'ಯಿಂದ 'ಸಿ'ಗೆ ಏರಬೇಕು ಅಂತ ಸರ್ಕಾರ ಹೇಳುತ್ತಿದೆ. ಸರ‍್ರೇಯ ಮಾಲೀಕ ಮುಖ ಸಿಂಡರಿಸಿ ಮಾಡಿಸುತ್ತಾನೆ. ಬರ್ನ್ಲಿಯವನು ಮಾರಲೂಬಹುದು. 2024ರ ಅಕ್ಟೋಬರಿನಿಂದ ಎರಡನೇ ಮನೆ ಕೊಳ್ಳುವವರಿಗೆ ಮುದ್ರಾಂಕ ಶುಲ್ಕದ ಜೊತೆಗೆ ಮನೆ ಬೆಲೆಯ ಶೇ 5 ಹೆಚ್ಚುವರಿ ಬೇರೆ ಇದೆ, ಹಾಗಾಗಿ ಹೊಸ ಹೂಡಿಕೆದಾರರು ಮೊದಲಿನ ಹಾಗೆ ನುಗ್ಗುತ್ತಿಲ್ಲ. ಮಾರುವವರು ಜಾಸ್ತಿಯಾಗಿ ಬೆಲೆ ಇಳಿದರೆ ಬಾಡಿಗೆದಾರನಿಗೆ ಒಳ್ಳೆಯದು ಅನ್ನಿಸುತ್ತದೆ, ಆದರೆ ಬೆಲೆ ಇಳಿದಷ್ಟೂ ರಿಪೇರಿಯ ಲೆಕ್ಕ ಇನ್ನಷ್ಟು ಕೆಡುತ್ತದೆ. ನನಗೆ ಕಾಣೋದು ಒಂದೇ ದಾರಿ: ಚಾವಣಿ ಮತ್ತು ಗೋಡೆಗೆ ಸರ್ಕಾರವೇ ದುಡ್ಡು ಹಾಕಬೇಕು, ಮನೆಮನೆಗಲ್ಲ, ಬೀದಿಬೀದಿಗೆ. ಒಂದೇ ಸಾಲಿನ ನಲವತ್ತು ಮನೆಗೆ ಅಟ್ಟಣೆ ಒಮ್ಮೆ ಕಟ್ಟಿದರೆ ಸಾಕು, ಖರ್ಚೂ ಇಳಿಯುತ್ತದೆ, ಪಕ್ಕದ ಮನೆಯ ತೇವವೂ ನಿಲ್ಲುತ್ತದೆ. ಮಾಲೀಕನಿಗೆ ಪುಕ್ಕಟೆ ಲಾಭ ಆಗುತ್ತಲ್ಲ ಅಂದರೆ, ಆಗುತ್ತೆ. ಮನೆ ಮಾರುವಾಗ ಅದನ್ನು ವಸೂಲಿ ಮಾಡಿಕೊಳ್ಳುವ ಷರತ್ತು ಹಾಕೋದು ಅಂಥ ದೊಡ್ಡ ವಿದ್ಯೆ ಏನಲ್ಲ.

ಇದರ ನಡುವೆ ಊರಿನ ಅಂಚಿನಲ್ಲಿ ಬೇರೆಯದೇ ಮಾರುಕಟ್ಟೆ ಹುಟ್ಟಿದೆ. 2015ರ ಮೇನಲ್ಲಿ ಟಾಡ್‌ಮೊರ್ಡನ್ ಬಳಿ ಒಂದು ಸಣ್ಣ ರೈಲು ತಿರುವು ಮತ್ತೆ ತೆರೆಯಿತು, ಬರ್ನ್ಲಿಯಿಂದ ಮ್ಯಾಂಚೆಸ್ಟರಿಗೆ ನೇರ ರೈಲು ಬಂತು. ಮ್ಯಾಂಚೆಸ್ಟರಿನ ಬಾಡಿಗೆಗೆ ಬೇಸತ್ತವರು ಇಲ್ಲಿಯ ಹೊಸ ಬಡಾವಣೆಗಳಲ್ಲಿ ಕಾರು ನಿಲ್ಲಿಸೋ ಜಾಗ ಇರುವ ಮನೆ ನೋಡುತ್ತಾರೆ. 2024ರ ಡಿಸೆಂಬರಿನ ಹೊಸ ಸೂತ್ರದ ಪ್ರಕಾರ ಪ್ರತಿ ಊರೂ ವರ್ಷಕ್ಕೆ ಈಗಿರುವ ಮನೆಗಳ ಶೇ 0.8ರಷ್ಟು ಹೊಸದು ಕಟ್ಟಬೇಕು, ಮನೆ ದುಬಾರಿ ಇರುವಲ್ಲಿ ಇನ್ನೂ ಜಾಸ್ತಿ. ಬರ್ನ್ಲಿಯಲ್ಲಿ 40 ಸಾವಿರಕ್ಕೂ ಹೆಚ್ಚು ಮನೆ ಇವೆ, ಅಂದರೆ ವರ್ಷಕ್ಕೆ ಮುನ್ನೂರರ ಮೇಲೆ. ಅವು ಗುಡ್ಡದ ಅಂಚಿನ ಹಸಿರಿನಲ್ಲಿ ಏಳುತ್ತವೆ, ಟ್ರಿನಿಟಿಯ ಬೀದಿಯಲ್ಲಿ ಅಲ್ಲ. ಯಾಕೆ ಅಂತ ನಿಮಗೀಗ ಗೊತ್ತು: ಅಲ್ಲಿ ಕಟ್ಟುವ ಖರ್ಚು ಮಾರುವ ಬೆಲೆಗಿಂತ ಜಾಸ್ತಿ. ಸರಾಸರಿ ಬೆಲೆ ಏರಿತು ಅಂತ ಮುಂದಿನ ವರ್ಷ ಸುದ್ದಿ ಬಂದರೆ ಅದರಲ್ಲಿ ಈ ಹೊಸ ಮನೆಗಳ ಪಾಲೆಷ್ಟು ಅಂತ ನೋಡಿಯೇ ನಂಬಿ.

ಅಕ್ಕ ಆ ಸಂಜೆಯ ಮನೆ ಬೇಡ ಅಂದರು. ಬಾಡಿಗೆಯ ಸಹವಾಸವೇ ಸಾಕು ಅಂತ ಎರಡು ಬೀದಿ ಆಚೆ 85 ಸಾವಿರದ ಮನೆಗೆ ಕೇಳಿದ್ದಾರೆ. ಅವರ ಸಂಬಳ ಖಾಯಂ, ಬ್ಯಾಂಕು ಒಪ್ಪಿತು. ಆದರೆ ಸರ್ವೇ ವರದಿಯಲ್ಲಿ ಹಿಂದಿನ ಚಾವಣಿ ಸರಿ ಇಲ್ಲ ಅಂತ ಬಂದಿದೆ, ಅದು ಸರಿಯಾಗುವವರೆಗೆ 7 ಸಾವಿರ ತಡೆಹಿಡಿದಿದ್ದಾರೆ. ಮಾರುವವನು ಲಂಡನ್ನಿನಲ್ಲಿದ್ದಾನೆ, ಮನೆಯನ್ನು ಇವತ್ತಿಗೂ ನೋಡಿಲ್ಲವಂತೆ, ರಿಪೇರಿಗೆ ಒಂದು ಪೆನ್ನಿಯೂ ಕೊಡಲ್ಲ ಅಂದಿದ್ದಾನೆ. ಚಾವಣಿ ಕೆಲಸದವನು ಬಂದು ಏಣಿ ಹತ್ತಿ ನೋಡಿ, ಮಳೆಗಾಲ ಮುಗಿಯಲಿ, ಮಾರ್ಚಿನಲ್ಲಿ ನೋಡೋಣ ಅಂದ. ಅಕ್ಕ ನಕ್ಕು ನನಗೆ ಫೋನ್ ಮಾಡಿ ಕೇಳಿದರು: "ಈ ಊರಾಗೆ ಮಳೆಗಾಲ ಮುಗಿಯೋದು ಯಾವಾಗ ತಮ್ಮಾ?"